ಮೂವರು ಹುಡುಗಿಯರ ಪಯಣದ ಚಿತ್ರಕಥೆ: ಲೇಖಕಿಗೆ ಸಂಪಾದಕರ ಉತ್ತರ

ಮಾನ್ಯ ಲೇಖಕಿಯವರಿಗೆ ನಮಸ್ಕಾರಗಳು.

ಬಳ್ಳಾರಿಯ ಬಾಲಮಂದಿರದಲ್ಲಿ ಜೊತೆಯಾಗಿ ಬೆಳೆದ ಮೂವರು ಅನಾಥ ಹುಡುಗಿಯರು ಕಿರಿಯವಳ ಚಿಕ್ಕಮ್ಮನನ್ನು ಹುಡುಕುತ್ತ ಬಸ್ಸಿನಲ್ಲಿ ಕಾರವಾರಕ್ಕೆ ಹೊರಡುವ ನಿಮ್ಮ ಚಿತ್ರಕಥೆಯನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ.

ಹೊಸಪೇಟೆಯಲ್ಲಿ ಒಬ್ಬಳು, ಹುಬ್ಬಳ್ಳಿಯಲ್ಲಿ ಇನ್ನೊಬ್ಬಳು, ಅರಬೈಲ್ ಘಟ್ಟದಲ್ಲಿ ಮತ್ತೊಬ್ಬಳು ತಮ್ಮ ತಬ್ಬಲಿತನವನ್ನು ಉದ್ದುದ್ದ ಮಾತುಗಳಲ್ಲಿ ತೋಡಿಕೊಳ್ಳುತ್ತಾರೆ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಮಲಗಿ ಒಂದೇ ಪಂಕ್ತಿಯಲ್ಲಿ ಉಂಡವರು ಒಬ್ಬರಿಗೊಬ್ಬರು ಇದನ್ನೆಲ್ಲ ಹೇಳಬೇಕಾಗಿಲ್ಲ. ನೀವು ಪ್ರೇಕ್ಷಕರಿಗಾಗಿ ಹೇಳಿಸಿದ್ದೀರಿ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ಪ್ಲೇಟ್ ಗಿರ್ಮಿಟ್ ಅನ್ನು ಮೂರು ಪಾಲು ಮಾಡಿ, ಇದ್ದೊಂದು ಮಿರ್ಚಿಯನ್ನು ಕಿರಿಯವಳ ಕಡೆಗೆ ಸರಿಸುವಾಗ ನಡುವಿನವಳು ತುಟಿ ಬಿಚ್ಚುವುದಿಲ್ಲ. ಇಡೀ ಹಸ್ತಪ್ರತಿಯಲ್ಲಿ ನನ್ನನ್ನು ಅಲುಗಿಸಿದ ಪುಟ ಅದೊಂದೇ.

ಕಥೆ ನಡೆಯುವುದು ಈಗಿನ ಕಾಲದಲ್ಲಿ. ಆದರೂ ಹಿರಿಯವಳು ಬೆಳ್ಳಿಯ ಕಾಲ್ಗೆಜ್ಜೆ ಮಾರಿ ಟಿಕೆಟ್ ಕೊಳ್ಳುತ್ತಾಳೆ. ಶಕ್ತಿ ಯೋಜನೆ ಜಾರಿಗೆ ಬಂದ 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹಣ ಕೊಡಬೇಕಿಲ್ಲ, ಇಲ್ಲಿನ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ಗೆಜ್ಜೆಯನ್ನು ಬಿಟ್ಟು ಆ ಚೀಟಿಯನ್ನು ಹಿಡಿದುಕೊಳ್ಳಿ. ಮೂವರ ಆಧಾರ್ ಕಾರ್ಡಿನಲ್ಲಿಯೂ ಬಾಲಮಂದಿರದ ವಿಳಾಸವೇ ಇದ್ದರೆ, ಅದನ್ನು ಓದಿದ ಕಂಡಕ್ಟರ್ ಏನು ಕೇಳುತ್ತಾನೆ, ಹಿರಿಯವಳು ಯಾವ ಸುಳ್ಳು ಹೇಳುತ್ತಾಳೆ, ಉಳಿದಿಬ್ಬರು ಆ ಸುಳ್ಳಿಗೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದರಲ್ಲಿಯೇ ನೀವು ಹುಡುಕುತ್ತಿರುವ ನಾಟಕವಿದೆ. ಚಿಕ್ಕಮ್ಮ ಗೋವೆಗೆ ಹೋಗಿದ್ದಾಳೆಂದು ಕಾರವಾರದಲ್ಲಿ ತಿಳಿದ ಮೇಲೆ ಹಣದ ಚಿಂತೆ ನಿಜವಾಗಿಯೂ ಎದುರಾಗುತ್ತದೆ, ಏಕೆಂದರೆ ಅಂತರರಾಜ್ಯ ಬಸ್ಸಿನಲ್ಲಿ ಆ ಸೌಲಭ್ಯವಿಲ್ಲ.

ಮೊದಲ ದೃಶ್ಯವನ್ನು ತೆಗೆದುಹಾಕಿ. ಕಿರಿಯವಳಿಗೆ ಹದಿನೆಂಟು ತುಂಬಿದ ರಾತ್ರಿಯೇ ಅಧೀಕ್ಷಕಿ ಆಕೆಯನ್ನು ಗೇಟಿನಾಚೆ ನಿಲ್ಲಿಸುತ್ತಾರೆಂದು ಬರೆದಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಂಸ್ಥೆ ಬಿಡುವವರಿಗೆ ಹಣಕಾಸಿನ ನೆರವಿಗೆ ಅವಕಾಶವಿದೆ, ನಿಯಮಗಳಂತೆ ನಂತರದ ಆರೈಕೆ 21 ವರ್ಷದವರೆಗೆ ಸಿಗಬಹುದು. ರಾಜ್ಯ ಮಹಿಳಾ ನಿಲಯಗಳೂ ಇವೆ. ಇವೆಲ್ಲ ಎಲ್ಲರಿಗೂ ಸರಿಯಾಗಿ ತಲುಪುತ್ತವೆಂದು ನಾನು ಹೇಳುತ್ತಿಲ್ಲ. ಆದರೆ ಇನ್ನೊಂದು ಕಾಂಪೌಂಡಿನೊಳಗೆ ಹೋಗಲು ಒಲ್ಲದೆ ತಾನಾಗಿ ಹೊರಟ ಹುಡುಗಿ, ಹೊರದಬ್ಬಿಸಿಕೊಂಡ ಹುಡುಗಿಗಿಂತ ಗಟ್ಟಿಯಾದ ಪಾತ್ರವಾಗುತ್ತಾಳೆ, ದಾರಿಯಲ್ಲಿ ಪಡುವ ಪಶ್ಚಾತ್ತಾಪವೂ ಆಕೆಯದೇ ಆಗುತ್ತದೆ.

ಕೊನೆಯಲ್ಲಿ ಚಿಕ್ಕಮ್ಮ ಬಾಗಿಲು ತೆರೆದವಳೇ ಮೂವರನ್ನೂ ಅಪ್ಪಿಕೊಂಡು ಅಳುವುದನ್ನು ನಾನು ನಂಬಲಿಲ್ಲ. ಆಕೆಗೂ ಸಂಸಾರವಿದೆ, ಗಂಡನಿಗೆ ಹೇಳದ ಸಂಗತಿಗಳಿವೆ. ಒಬ್ಬಳನ್ನು ಇರಿಸಿಕೊಳ್ಳಬಲ್ಲೆ, ಮೂವರನ್ನಲ್ಲ ಎಂದು ಆಕೆ ಹೇಳಿದರೆ ಕಿರಿಯವಳು ಏನು ಮಾಡುತ್ತಾಳೆ? ಈ ದೃಶ್ಯವನ್ನೂ ಕಂಡಕ್ಟರನ ದೃಶ್ಯವನ್ನೂ ಮೊದಲು ಬರೆದು ಕಳುಹಿಸಿ. ಉಳಿದ ಭಾಗದ ತಿದ್ದುಪಡಿಯನ್ನು ಆಮೇಲೆ ಕೂಡಿ ನೋಡೋಣ.