ಎಣ್ಣೆ ಎಲ್ಲಿ ಹೋಯಿತೆಂದು ಮೊದಲು ಕೇಳಿ

ಬೆಂಗಳೂರಿನಲ್ಲಿ ಬಿಸಿಲು ಏರತೊಡಗಿದ ಕೂಡಲೇ ಕಾರಿನ ಎಸಿ ಕುರಿತು ನನಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮರುಕಳಿಸುತ್ತದೆ. ಎರಡು ಸಾಲಿನ ಉತ್ತರದಿಂದ ಅದು ನಿಂತಿಲ್ಲವಾದ್ದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನನ್ನ ಕಾರಿಗೆ ಆರು ವರ್ಷ. ತಂಪು ಕಡಿಮೆಯಾಗಿದೆ ಎಂದು ಗ್ಯಾರೇಜಿಗೆ ಒಯ್ದಾಗ, ಗ್ಯಾಸ್ ಜೊತೆಗೆ 50 ಮಿಲಿ ಲೀಟರ್ ಕಂಪ್ರೆಸರ್ ಆಯಿಲ್ ಟಾಪ್‌ಅಪ್ ಮಾಡಬೇಕು, ಪ್ರತಿ ಬೇಸಿಗೆಯಲ್ಲೂ ಹಾಗೆ ಮಾಡಿಸದಿದ್ದರೆ ಕಂಪ್ರೆಸರ್ ಜಾಮ್ ಆಗುತ್ತದೆ ಎಂದರು. ಮಾಡಿಸಲೇ? – ವಿಜಯನಗರದ ಓದುಗರು

ಉತ್ತರ: ಬೇಡ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವೇ ಸುಡುತ್ತದೆ, ಕೊಳೆಯಾಗುತ್ತದೆ, ಆದ್ದರಿಂದ ಅದನ್ನು ಬದಲಿಸುತ್ತೇವೆ. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್‌ನ ಆಯಿಲ್ ಹಾಗಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಗ್ಯಾಸಿನೊಂದಿಗೆ ಬೆರೆತು ಕಂಡೆನ್ಸರ್ (ಗ್ಯಾಸಿನ ಶಾಖವನ್ನು ಹೊರಬಿಡುವ ಭಾಗ), ಕೂಲಿಂಗ್ ಕಾಯಿಲ್ (ಒಳಗಿನ ಗಾಳಿಯನ್ನು ತಂಪಾಗಿಸುವ ಭಾಗ) ಸುತ್ತಿ ಮತ್ತೆ ಕಂಪ್ರೆಸರ್‌ಗೇ ಮರಳುತ್ತದೆ. ಎಲ್ಲಿಯೋ ಲೀಕ್ ಆಗಿದ್ದರೆ ಅಥವಾ ಯಾರಾದರೂ ಬಿಚ್ಚಿ ಹೊರತೆಗೆದಿದ್ದರೆ ಮಾತ್ರ ಅದು ಕಡಿಮೆಯಾಗಲು ಸಾಧ್ಯ. ಹೀಗಿರುವಾಗ ಪ್ರತಿ ಬೇಸಿಗೆಯ ಟಾಪ್‌ಅಪ್ ಎಂಬುದಕ್ಕೆ ಅರ್ಥವೇ ಇಲ್ಲ, ಮತ್ತು ಈ ಮಾತು ಗ್ಯಾಸಿಗೂ ಅಷ್ಟೇ ಅನ್ವಯಿಸುತ್ತದೆ.

ನಿಮ್ಮ ಗ್ಯಾರೇಜಿನವರು ಆಯಿಲ್ ಕಡಿಮೆಯಿದೆ ಎಂದು ಹೇಗೆ ಕಂಡುಕೊಂಡರು? ಈಗಿನ ಕಾರುಗಳ ಎಸಿಯಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯಿಲ್ಲ. ಗೇಜ್ ತೋರಿಸುವುದು ಗ್ಯಾಸಿನ ಒತ್ತಡವನ್ನೇ ಹೊರತು ಎಣ್ಣೆಯನ್ನಲ್ಲ. ಗ್ಯಾಸನ್ನು ಯಂತ್ರಕ್ಕೆ ಹಿಂತೆಗೆದು, ಕಂಪ್ರೆಸರ್ ಕಳಚಿ, ಒಳಗಿನ ಎಣ್ಣೆಯನ್ನು ಅಳತೆಯ ಜಾಡಿಗೆ ಬಗ್ಗಿಸಿದವರು ಮಾತ್ರ ಪ್ರಮಾಣದ ಬಗ್ಗೆ ಮಾತನಾಡಬಹುದು, ಉಳಿದವರು ಹೇಳುವುದು ಊಹೆ.

ಆ ಊಹೆ ಎಷ್ಟು ದುಬಾರಿಯೆಂದು ತಿಳಿಯಲು ಒಂದು ಲೆಕ್ಕ ಸಾಕು. ಸಣ್ಣ ಕಾರುಗಳ ಇಡೀ ಎಸಿ ವ್ಯವಸ್ಥೆಯಲ್ಲಿರುವ ಎಣ್ಣೆ 100 ಮಿಲಿ ಲೀಟರ್ ಆಸುಪಾಸು, ಎಂದರೆ ದರ್ಶಿನಿಯಲ್ಲಿ ಕೊಡುವ ಒಂದು ಲೋಟ ಕಾಫಿಯಷ್ಟು. ಅದಕ್ಕೆ ಸುಮ್ಮನೆ 50 ಮಿಲಿ ಲೀಟರ್ ಸೇರಿಸಿದರೆ ಒಂದೂವರೆ ಪಟ್ಟಾಗುತ್ತದೆ. ಹೆಚ್ಚಾದ ಎಣ್ಣೆ ಕಂಡೆನ್ಸರ್ ಮತ್ತು ಕೂಲಿಂಗ್ ಕಾಯಿಲ್‌ನ ಸಣ್ಣ ಕೊಳವೆಗಳ ಒಳಮೈಗೆ ಪದರವಾಗಿ ಅಂಟಿ ಶಾಖದ ವಿನಿಮಯವನ್ನು ತಡೆಯುತ್ತದೆ, ಒತ್ತಡ ಏರುತ್ತದೆ, ತಂಪು ಮತ್ತಷ್ಟು ಇಳಿಯುತ್ತದೆ. ಕಳೆದ ಏಪ್ರಿಲ್‌ನಲ್ಲಿ ನನ್ನ ಬಳಿಗೆ ಬಂದ ಒಂದು ಕಾರಿಗೆ ಬೇರೊಂದು ಕಡೆ ಮೂರು ಬೇಸಿಗೆ ಸತತವಾಗಿ ಹೀಗೆ ಆಯಿಲ್ ತುಂಬಲಾಗಿತ್ತು. ಕಂಪ್ರೆಸರ್ ಬಿಚ್ಚಿ, ಕೈಯಿಂದ ಶಾಫ್ಟ್ ತಿರುಗಿಸುತ್ತಾ ಬಗ್ಗಿಸಿದಾಗ ಸಣ್ಣ ಧಾರೆಯಾಗಿ ಸುರಿಯುತ್ತಲೇ ಹೋದ ಎಣ್ಣೆ ಜಾಡಿಯಲ್ಲಿ 160ರ ಗೆರೆಯನ್ನು ದಾಟಿ ನಿಂತಿತು. ಆ ಮಾದರಿಯ ಇಡೀ ವ್ಯವಸ್ಥೆಗೆ ತಯಾರಕರು ನಿಗದಿಪಡಿಸಿದ್ದು 100. ನಿಜವಾದ ದೋಷವಿದ್ದದ್ದು ಕಂಡೆನ್ಸರ್ ಪೈಪಿನ ಜೋಡಣೆಯಲ್ಲಿ ಗಟ್ಟಿಯಾಗಿ ಬಿರುಕುಬಿಟ್ಟಿದ್ದ ಒಂದು ಓ-ರಿಂಗ್‌ನಲ್ಲಿ, ಎಂದರೆ ಸೀಲ್ ಆಗಿ ಕೂರಿಸುವ ರಬ್ಬರ್ ಬಳೆಯಲ್ಲಿ. ಮೂರು ವರ್ಷ ಯಾರೂ ಆ ಜೋಡಣೆಯನ್ನು ನೋಡಿರಲಿಲ್ಲ ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಲೀಕ್ ಇದ್ದರೆ ಅದನ್ನು ನೀವೇ ಎಷ್ಟೋ ಬಾರಿ ಗುರುತಿಸಬಹುದು. ಗ್ಯಾಸಿನೊಂದಿಗೆ ಎಣ್ಣೆಯೂ ಜಿನುಗುವುದರಿಂದ ಅಲ್ಲಿ ಧೂಳು ಕೂತು ಕಪ್ಪಾದ, ಮುಟ್ಟಿದರೆ ಜಿಡ್ಡು ಹತ್ತುವ ಕಲೆಯಾಗುತ್ತದೆ. ಎಂಜಿನ್ ಆಫ್ ಆಗಿ ತಣ್ಣಗಾದ ಮೇಲೆ ಕಂಡೆನ್ಸರ್‌ನ ಮೂಲೆಗಳು, ಪೈಪುಗಳ ಜೋಡಣೆ, ಕಂಪ್ರೆಸರ್‌ನ ಕ್ಲಚ್ ಇರುವ ಮುಂಭಾಗ, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಕಲೆಯೇನೂ ಇಲ್ಲದಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆಸಿ ನೋಡಿ, ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಾರು ಆಮೆಯಂತೆ ತೆವಳುವಾಗ ಕಂಡೆನ್ಸರ್‌ಗೆ ಗಾಳಿ ಕೊಡುವುದು ಆ ಫ್ಯಾನ್ ಒಂದೇ.

ಆಯಿಲ್ ಹಾಕಲೇಬೇಕಾದ ಸಂದರ್ಭವಿದೆ, ಅದು ಭಾಗ ಬದಲಿಸಿದಾಗ. ಕಂಡೆನ್ಸರ್ ಬದಲಿಸಿದರೆ ಸಾಮಾನ್ಯವಾಗಿ 30ರಿಂದ 40 ಮಿಲಿ ಲೀಟರ್, ಗ್ಯಾಸಿನ ತೇವ ಹೀರುವ ಡ್ರೈಯರ್‌ಗೆ 10ರಿಂದ 20, ಆದರೆ ಆಯಾ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಹೊಸ ಕಂಪ್ರೆಸರ್ ಬಹುಮಟ್ಟಿಗೆ ಎಣ್ಣೆಯೊಂದಿಗೇ ಬರುವುದರಿಂದ ಹಳೆಯದರಿಂದ ಇಳಿದದ್ದನ್ನು ಅಳೆದು, ಹೆಚ್ಚಿರುವುದನ್ನು ತೆಗೆದು ಕೂರಿಸಬೇಕು. ಆರ್-134ಎ ಗ್ಯಾಸಿನ ಕಾರುಗಳಿಗೆ ಬೇಕಾದ ಪಿಎಜಿ ಎಂಬ ಕೃತಕ ಎಣ್ಣೆಯಲ್ಲಿ ಮಂದತೆಗೆ ತಕ್ಕಂತೆ 46, 100, 150 ಎಂಬ ಗ್ರೇಡ್‌ಗಳಿವೆ, ಅವನ್ನು ಮನಬಂದಂತೆ ಬೆರೆಸಬಾರದು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಆ ತೇವದಿಂದ ಒಳಗೆ ಆಮ್ಲ ಹುಟ್ಟಿ ಲೋಹ ಸವೆಯುತ್ತದೆ. ಆದ್ದರಿಂದ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಬೇರೆಲ್ಲಿ ಕೊಂಡರೂ ಸೀಲ್ ಒಡೆಯದ ಸಣ್ಣ ಡಬ್ಬಿಯನ್ನೇ ಕೊಳ್ಳಿ. ಶೆಲ್ಫಿನ ಮೇಲೆ ಮುಚ್ಚಳ ಸಡಿಲವಾಗಿರುವ ಡಬ್ಬಿಯಿಂದ ಹಾಕಲು ಬಂದರೆ ಒಪ್ಪಬೇಡಿ. ನಂತರ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿಸಿ, ಎಂದರೆ ಪಂಪ್‌ನಿಂದ ಒಳಗಿನ ಗಾಳಿ, ತೇವವನ್ನು ಹೊರತೆಗೆಸಿ. ಆಗ ಗೇಜ್ 29 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಲಿಲ್ಲವೆಂದು ಮೆಕ್ಯಾನಿಕ್‌ನೊಂದಿಗೆ ಜಗಳವಾಡಬೇಡಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ವಾಯುಭಾರವೇ ಕಡಿಮೆಯಾದ್ದರಿಂದ ಮುಳ್ಳು 27ರ ಹತ್ತಿರ ನಿಲ್ಲುವುದು ಸರಿಯಾದದ್ದೇ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲದೆ ಇರುವುದೇ ಮುಖ್ಯ.

ಪ್ರಶ್ನೆ: ತುರ್ತಿಗೆ ಹೊಲಿಗೆ ಯಂತ್ರದ ಎಣ್ಣೆ ಅಥವಾ ಎಂಜಿನ್ ಆಯಿಲ್ ಹಾಕಬಹುದೇ?

ಉತ್ತರ: ಖಂಡಿತ ಕೂಡದು, ಆರ್-134ಎ ಆ ಎಣ್ಣೆಯನ್ನು ಹೊತ್ತು ತರುವುದಿಲ್ಲ, ಅದು ಕೊಳವೆಯಲ್ಲೇ ಉಳಿದು ಕಂಪ್ರೆಸರ್ ಒಣಗುತ್ತದೆ.

ಪ್ರಶ್ನೆ: ಲೀಕ್ ಮುಚ್ಚುವ ದ್ರವದ ಡಬ್ಬಿ ಸಿಗುತ್ತದೆ, ಹಾಕಲೇ?

ಉತ್ತರ: ಹಾಕಿದ ಕಾರನ್ನು ನನ್ನ ಬಳಿಗೆ ತರುವವರಿದ್ದರೆ ಮೊದಲೇ ತಿಳಿಸಿ, ಅದು ಗ್ಯಾಸ್ ಹಿಂತೆಗೆಯುವ ನನ್ನ ಯಂತ್ರದೊಳಗೂ ಗಟ್ಟಿಯಾಗುತ್ತದೆ.

ಪ್ರಶ್ನೆ: ನಮ್ಮದು ಹೈಬ್ರಿಡ್ ಕಾರು. ಇದೇ ಪಿಎಜಿ ಎಣ್ಣೆ ಆಗುತ್ತದೆಯೇ?

ಉತ್ತರ: ಬೆಲ್ಟ್ ಇಲ್ಲದೆ ಹೈ ವೋಲ್ಟೇಜ್‌ನಲ್ಲಿ ನಡೆಯುವ ವಿದ್ಯುತ್ ಕಂಪ್ರೆಸರ್ ಇದ್ದರೆ ಆಗುವುದಿಲ್ಲ. ಅದರೊಳಗೆ ಮೋಟಾರಿನ ಸುರುಳಿಯೂ ಎಣ್ಣೆಯಲ್ಲೇ ತೊಯ್ದಿರುತ್ತದೆ, ಆದ್ದರಿಂದ ವಿದ್ಯುತ್ ಹರಿಯಗೊಡದ ಪಿಒಇ ಎಂಬ ಬೇರೆ ಬಗೆಯ ಎಣ್ಣೆಯನ್ನು ಬಳಸುತ್ತಾರೆ. ಬೇರೆ ಕಾರಿಗೆ ಬಳಸಿದ ಮೆದುಗೊಳವೆಯಲ್ಲಿ ಅಂಟಿ ಉಳಿದ ಸ್ವಲ್ಪ ಪಿಎಜಿ ಬೆರೆತರೂ ವಿದ್ಯುತ್ ನಿರೋಧ ಕುಸಿಯಬಹುದು. ಈ ಕೆಲಸಕ್ಕೆ ಪ್ರತ್ಯೇಕ ಉಪಕರಣವಿಲ್ಲದವರ ಕೈಗೆ ಕಾರನ್ನು ಕೊಡಬೇಡಿ. ನನ್ನ ಗ್ಯಾರೇಜಿನಲ್ಲೂ ಅದು ಇಲ್ಲವಾದ್ದರಿಂದ ಇಂಥ ಕಾರುಗಳನ್ನು ನಾನು ಕಂಪನಿಯ ಸರ್ವಿಸ್ ಸೆಂಟರಿಗೇ ಕಳಿಸುತ್ತೇನೆ.