ಕೇಳ್ರಿ, ಹೇಳ್ತೀವಿ: ಎಕ್ಸ್‌ಪಿ ಕಾಲದ ಲೆಕ್ಕ, ವಿಂಡೋಸ್ 11ರ ಕಂಪ್ಯೂಟರು

ಪ್ರಶ್ನೆ: ಸರ್ ನಮಸ್ಕಾರ. ನಮ್ದು ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ದಲಾಲಿ ಅಂಗಡಿ, ಮೆಕ್ಕೆಜೋಳವೇ ಜಾಸ್ತಿ. ಅಪ್ಪಾಜಿ ಬರೆಸಿದ್ದ ತಕ್‌ಪಟ್ಟಿ (ತೂಕ, ದುಡ್ಡಿನ ಲೆಕ್ಕದ ಚೀಟಿ) ಪ್ರೋಗ್ರಾಂ (ಡಾಸ್ ಟೈಪು, ಕಪ್ಪು ಸ್ಕ್ರೀನು) ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಲ್ಲಿ ಇನ್ನೂ ಓಡ್ತಿದೆ, ತೂಕದ ಕಾಟಾನೂ ಅದಕ್ಕೇ ಕನೆಕ್ಟ್ ಆಗಿದೆ. ಈಗ ಆ ಮಿಷನ್ ದಿನಕ್ಕೆರಡು ಸಲ ಕೈ ಕೊಡ್ತಿದೆ ಅಂತ ವಿಂಡೋಸ್ 11 ಇರೋದು ತಂದ್ವಿ, ಅದ್ರಲ್ಲಿ ಪ್ರೋಗ್ರಾಂ ತೆರೆಯೋದೇ ಇಲ್ಲ. ರಿಪೇರಿ ಹುಡುಗ ವರ್ಚುಯಲ್‌ಬಾಕ್ಸಲ್ಲಿ ಎಕ್ಸ್‌ಪಿ ಹಾಕಿಕೊಡ್ತೀನಿ ಅಂತಾನೆ, ನಮ್ಮ ಅಳಿಯ ಎಕ್ಸ್‌ಪಿ ಸಪೋರ್ಟ್ ಯಾವಾಗ್ಲೋ ಮುಗಿದಿದೆ ಬೇಡ ಮಾವ ಅಂತಾನೆ. ಯಾರ ಮಾತು ಕೇಳ್ಬೇಕು?

ಉತ್ತರ: ಇಬ್ರದ್ದೂ ಸರಿ ಸರ, ಇಬ್ರೂ ಅರ್ಧರ್ಧ ಹೇಳಿದಾರೆ ಅಷ್ಟೆ. ಮೊದ್ಲು ಯಾಕೆ ತೆರೆಯಲ್ಲ ಅಂದ್ರೆ, ಡಾಸ್ ಕಾಲದ ಪ್ರೋಗ್ರಾಂ 16 ಬಿಟ್ಟಿಂದು, 64 ಬಿಟ್ ವಿಂಡೋಸ್ ಅದನ್ನ ಓಡಿಸೋದೇ ಇಲ್ಲ, ವಿಂಡೋಸ್ 11 ಬರೋದೇ 64 ಬಿಟ್ಟಲ್ಲಿ. ಹಂಗಾಗಿ ಕಂಪ್ಯಾಟಿಬಿಲಿಟಿ ಮೋಡ್ ಅದು ಇದು ಅಂತ ಒತ್ತುತ್ತಾ ಕೂತ್ಕೋಬೇಡಿ, ಆಗಲ್ಲ.

ವರ್ಚುಯಲ್‌ಬಾಕ್ಸ್ ಅಂದ್ರೆ ಒಂದು ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂಗೆ ಓಡಿಸೋ ಸಾಫ್ಟ್‌ವೇರು. ಅದನ್ನ ಹಾಕಿದ್ರೆ ಟೇಬಲ್ ಮೇಲೆ ಮಿಷನ್ ಒಂದೇ ಕಂಡ್ರೂ ಸಾಮಾನು ಮೂರು: ಕೆಳಗೆ ವಿಂಡೋಸ್ 11, ನಡುವೆ ವರ್ಚುಯಲ್‌ಬಾಕ್ಸ್, ಒಳಗೆ ಎಕ್ಸ್‌ಪಿ. ಮೂರರ ಆಯಸ್ಸೂ ಬೇರೆ ಬೇರೆ. ಎಕ್ಸ್‌ಪಿದು 2014ರ ಏಪ್ರಿಲ್ 8ಕ್ಕೇ ಮುಗೀತು, ಆದ್ರೂ ಒಳಗಡೆ ಇರ್ಲಿ ಬಿಡಿ, ಅದಕ್ಕೆ ನೆಟ್ ಮಾತ್ರ ಕೊಡ್ಬೇಡಿ, ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಅಡಾಪ್ಟರ್ ಟಿಕ್ ತೆಗೆಸಿಬಿಡಿ. ಅಪ್‌ಡೇಟ್ ತಪ್ಪಬಾರದ್ದು ಕೆಳಗಿನದಕ್ಕೆ ಮತ್ತೆ ನಡುವಿನದಕ್ಕೆ. ನಮ್ಮ ಜನ ಇಲ್ಲೇ ಎಡವೋದು, ಒಂದ್ಸಲ ಹಾಕಿಸಿದ ವರ್ಚುಯಲ್‌ಬಾಕ್ಸ್ ಓಡ್ತಿದೆಯಲ್ಲ ಅಂತ ವರ್ಷಗಟ್ಟಲೆ ಮುಟ್ಟೋದೇ ಇಲ್ಲ, ಆದ್ರೆ ವಿಂಡೋಸ್ 11 ಹೋಂ, ಪ್ರೊ ಇವುಗಳ ಒಂದೊಂದು ವರ್ಷನ್ನಿಗೂ ಸಪೋರ್ಟ್ ಇರೋದು 24 ತಿಂಗಳು ಅಷ್ಟೇ, ಅದು ತಾನಾಗೇ ಮುಂದಿನ ವರ್ಷನ್ನಿಗೆ ಹೋಗುತ್ತೆ, ಹಳೇ ವರ್ಚುಯಲ್‌ಬಾಕ್ಸ್ ಒಂದಿನ ಬೆಳಿಗ್ಗೆ ಮುಷ್ಕರ ಹೂಡುತ್ತೆ, ಅದೂ ಯಾರ್ಡಲ್ಲಿ ಲಾರಿ ಸಾಲು ನಿಂತಿರೋ ದಿನವೇ.

ಕಾಟಾ ವಿಷ್ಯ. ಹೊಸ ಮಿಷನ್ನಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಇರಲ್ಲ ಅಲ್ವಾ, ಯುಎಸ್‌ಬಿ ಟು ಸೀರಿಯಲ್ ಕೇಬಲ್ ಬೇಕಾಗುತ್ತೆ. ಚುಚ್ಚಿದ ಮೇಲೆ ಡಿವೈಸ್ ಮ್ಯಾನೇಜರಲ್ಲಿ ಆ ಪೋರ್ಟಿನ ನಂಬರ್ ಕಾಮ್ 3 ಅಂತಲೋ ಕಾಮ್ 4 ಅಂತಲೋ ಬರುತ್ತೆ, ವರ್ಚುಯಲ್‌ಬಾಕ್ಸ್ ಸೀರಿಯಲ್ ಪೋರ್ಟ್ಸಲ್ಲಿ ಹೋಸ್ಟ್ ಡಿವೈಸ್ ಅಂತ ಆರಿಸಿ ಅದೇ ನಂಬರ್ ಬರೆದ್ರೆ ಒಳಗಿನ ಎಕ್ಸ್‌ಪಿಗೆ ಅದು ಕಾಮ್ 1 ಆಗಿ ಕಾಣುತ್ತೆ, ಪ್ರೋಗ್ರಾಂಗೆ ಏನೂ ಬದಲಾಗಿದ್ದೇ ಗೊತ್ತಾಗಲ್ಲ. ಕೇಬಲ್ಲನ್ನ ದಿನಾ ಒಂದೇ ತೂತಿಗೆ ಚುಚ್ಚಿ, ತೂತು ಬದಲಾದ್ರೆ ನಂಬರ್ರೂ ಬದಲಾಗಬಹುದು. ಫೈಲ್ ಆಚೆ ತರೋಕೆ ವಿಂಡೋಸ್ ಶೇರಿಂಗ್ ಬೇಡ, ಎಕ್ಸ್‌ಪಿಗೆ ಗೊತ್ತಿರೋದು ಎಸ್‌ಎಂಬಿ 1 ಅನ್ನೋ ಹಳೇ ಫೈಲ್ ಶೇರಿಂಗ್ ಪದ್ಧತಿ, ವಿಂಡೋಸ್ 11ರಲ್ಲಿ ಅದು ಮುಚ್ಚಿರುತ್ತೆ, ಮುಚ್ಚಿರೋದೇ ಒಳ್ಳೇದು. ಒಳಗಿನ ಎಕ್ಸ್‌ಪಿಗೆ ಗೆಸ್ಟ್ ಅಡಿಷನ್ಸ್ (ವರ್ಚುಯಲ್‌ಬಾಕ್ಸಿನ ಪೂರಕ ಸಾಫ್ಟ್‌ವೇರು) ಹಾಕಿಸಿ ವರ್ಚುಯಲ್‌ಬಾಕ್ಸಿಂದೇ ಶೇರ್ಡ್ ಫೋಲ್ಡರ್ ಬಳಸಿ.

ಓಡ್ಸಿದಾಗ ಕೆಳಗಿನ ಪಟ್ಟೀಲಿ ಹಸಿರು ಆಮೆ ಚಿತ್ರ ಕಂಡ್ರೆ ಹೈಪರ್-ವಿ (ವರ್ಚುಯಲ್‌ಬಾಕ್ಸ್ ಥರದ್ದೇ, ವಿಂಡೋಸಿನ ಸ್ವಂತದ್ದು) ಆನ್ ಆಗಿದೆ ಅಂತ ಅರ್ಥ, ಆಮೆ ಥರಾನೇ ಓಡುತ್ತೆ. ನಿಮ್ಮ ಡಾಸ್ ಪ್ರೋಗ್ರಾಂಗೆ ಅದೇನು ದೊಡ್ಡ ತೊಂದ್ರೆ ಅಲ್ಲ. ಇನ್ನು ಲೈಸೆನ್ಸು, ಹಳೇ ಮಿಷನ್ ಜೊತೆ ಬಂದ ಓಇಎಂ ಎಕ್ಸ್‌ಪಿ ಆ ಮಿಷನ್ನಿಗೇ ಅಂಟಿದ್ದು, ಡಬ್ಬಿ ಸಮೇತ ಬೇರೆಯಾಗಿ ಕೊಂಡಿದ್ರೆ ಅದನ್ನ ಹುಡುಕಿಡಿ.

ಎಲ್ಲ ಸರಿಯಾದ ದಿನ ವರ್ಚುಯಲ್ ಮಿಷನ್ ಆಫ್ ಮಾಡಿ ಆ ಫೋಲ್ಡರನ್ನೇ ಪೂರ್ತಿ ಇನ್ನೊಂದು ಡಿಸ್ಕಿಗೆ ಕಾಪಿ ಹೊಡೀರಿ. ಪೆನ್‌ಡ್ರೈವ್ ಫ್ಯಾಟ್ 32 ಫಾರ್ಮ್ಯಾಟಲ್ಲಿ ಇದ್ರೆ 4 ಜಿಬಿ ಮೀರಿದ ಫೈಲ್ ತಗೊಳಲ್ಲ, ಜಾಗ ಇದ್ರೂ ಜಾಗ ಇಲ್ಲ ಅನ್ನೋ ಥರ ಗೊಣಗುತ್ತೆ, ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡ್ಕೊಳ್ಳಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದ್ತಿದೀನಿ. ಅಣ್ಣನ ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 10. ಲಿನಕ್ಸ್ ಕಲಿಯೋಣ ಅಂತ ಹೊಸ ವರ್ಚುಯಲ್‌ಬಾಕ್ಸ್ ಇಳಿಸ್ಕೊಂಡ್ರೆ ಇನ್‌ಸ್ಟಾಲೇ ಆಗ್ತಿಲ್ಲ. ಹಳೇ ವರ್ಷನ್ ಹಾಕ್ಲಾ?

ಉತ್ತರ: ಬೇಡಪ್ಪ. 2018ರ ಕೊನೇಲಿ ಬಂದ 6.0ಯಿಂದ 32 ಬಿಟ್ ಹೋಸ್ಟಿಗೆ (ಅಂದ್ರೆ ಕೆಳಗಿರೋ ವಿಂಡೋಸಿಗೆ) ವರ್ಚುಯಲ್‌ಬಾಕ್ಸ್ ಇಲ್ಲ, ಅದಕ್ಕಿಂತ ಹಿಂದಿನ 5.2ಕ್ಕೆ 2020ರಿಂದ ಅಪ್‌ಡೇಟ್ ಇಲ್ಲ, ಜೊತೆಗೆ ವಿಂಡೋಸ್ 10ರ ಮಾಮೂಲಿ ಸಪೋರ್ಟೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದ್ರೆ ಕೆಳಗಿನದೂ ಹೋಯ್ತು ನಡುವಿನದೂ ಹೋಯ್ತು. ಅಲ್ದೆ 4 ಜಿಬೀಲಿ ಎರಡು ಸಂಸಾರ ನಡೆಯಲ್ಲ.

ಸಿಸ್ಟಮ್ ಇನ್ಫರ್ಮೇಷನಲ್ಲಿ ನೋಡು, ಪ್ರೊಸೆಸರ್ 64 ಬಿಟ್ಟಿಂದೇ ಇರೋ ಚಾನ್ಸ್ ಜಾಸ್ತಿ, ವಿಂಡೋಸ್ ಮಾತ್ರ 32 ಹಾಕಿರ್ತಾರೆ. ಹಂಗಿದ್ರೆ ಫೋಟೋ ಗೀಟೋ ತೆಗೆದಿಟ್ಕೊಂಡು ಲಿನಕ್ಸನ್ನೇ ನೇರ ಹಾಕು. ಲಿನಕ್ಸಲ್ಲಿ ಉಬುಂಟು ಆದ್ರೆ ಎಲ್‌ಟಿಎಸ್ಸೇ (ಹೆಚ್ಚು ಕಾಲ ಸಪೋರ್ಟ್ ಇರೋ ವರ್ಷನ್) ತಗೋ, 24.04ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತೆ, ಎಲ್‌ಟಿಎಸ್ ಅಲ್ಲದ್ದು ಒಂಬತ್ತೇ ತಿಂಗಳು. ಉಬುಂಟು ಭಾರ ಅನ್ನಿಸಿದ್ರೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪಿಂದು), ಅದೂ 2029ರವರೆಗೆ. ಅಣ್ಣನ್ನ ಒಂದ್ಮಾತು ಕೇಳಿ ಹಾಕು, ಅವನ ಫೈಲ್ ಏನಾದ್ರೂ ಅದ್ರಲ್ಲೇ ಕೂತಿರಬಹುದು.