ಅಶ್ವಗಂಧ ತಗೊಂಡ್ರೆ ಗಾಬರಿ ಹೋಗತ್ತಾ?

ಪ್ರಶ್ನೆ: ವಯಸ್ಸು 34, ಥೈರಾಯ್ಡ್ ಕಮ್ಮಿ ಅಂತ ದಿನಾ ಮಾತ್ರೆ ತಗೋತೀನಿ. ರಾತ್ರಿ ಸುಮ್‌ಸುಮ್ನೆ ಎದೆ ಡವಡವ. ಅಶ್ವಗಂಧ ಕ್ಯಾಪ್ಸೂಲ್ ಶುರು ಮಾಡ್ಲಾ?

ಉತ್ತರ: ದಯವಿಟ್ಟು ಈಗ್ಲೇ ಬೇಡ. ಅಶ್ವಗಂಧ, ಅಂದ್ರೆ ನಮ್ಮ ಹಿರೇಮದ್ದು, ಕೆಲವು ಸಣ್ಣ ಅಧ್ಯಯನಗಳಲ್ಲಿ ಆತಂಕ ಸ್ವಲ್ಪ ಇಳಿಸಿದ್ದು ನಿಜ, ಆದ್ರೆ ಅದು ಥೈರಾಯ್ಡ್ ಹಾರ್ಮೋನನ್ನ ಏರಿಸಬಹುದು, ನಿಮ್ಮ ಮಾತ್ರೆ ಜೊತೆ ಸೇರಿದ್ರೆ ಎದೆಬಡಿತ ಇನ್ನೂ ಜಾಸ್ತಿಯಾಗಿ ಅದೇ ಗಾಬರಿ ಥರ ಅನ್ಸತ್ತೆ. ಅಪರೂಪಕ್ಕೆ ಲಿವರ್‌ಗೂ ಪೆಟ್ಟು ಬಿದ್ದಿದೆ, ಬಸುರಿಯರಂತೂ ಮುಟ್ಟಲೇಬಾರ್ದು. ಮೊದ್ಲು ಟಿಎಸ್‌ಎಚ್ ಟೆಸ್ಟ್ (ಥೈರಾಯ್ಡ್ ಹೇಗಿದೆ ಅಂತ ನೋಡೋ ರಕ್ತಪರೀಕ್ಷೆ) ಮಾಡ್ಸಿ, ಮಾತ್ರೆ ಡೋಸ್ ಹೆಚ್ಚಾಗಿದ್ರೂ ಹೀಗಾಗತ್ತೆ. ಸಂಜೆ ಕಾಫಿ ಬಿಡಿ. ಒಂದೆಲಗದ ತಂಬುಳಿ ಊಟಕ್ಕೆ ಖಂಡಿತ ಮಾಡ್ಕೊಳ್ಳಿ, ಔಷಧಿ ಅಂತ ಮಾತ್ರ ನಂಬ್ಕೊಂಡು ಕೂರಬೇಡಿ. ನಿದ್ದೆನೇ ಕೆಡ್ತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.